ಅಮೆರಿಕದ ಸಣ್ಣ ಕಾಲೇಜಿಗೆ ಸೇರಿದರೆ ನಮ್ಮ ಸಂಗೀತ ಬಿಟ್ಟುಹೋಗುತ್ತಾ?

ನೀವು ಕೇಳಿದ್ದು ಇಷ್ಟು: ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪಾಸಾಗಿದೆ. ಅಮೆರಿಕದಲ್ಲಿ ಎರಡು ಸಾವಿರ ವಿದ್ಯಾರ್ಥಿಗಳಿರುವ ಒಂದು ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ (ಒಂದೇ ವಿಷಯಕ್ಕೆ ಕಟ್ಟಿಹಾಕದೆ ಹಲವು ವಿಷಯ ಓದಿಸುವ ಕಾಲೇಜು) ಸೀಟು ಸಿಕ್ಕಿದೆ. ಮನೆಯವರಿಗೆ ಎಕನಾಮಿಕ್ಸ್ ಆಗಬೇಕು, ನಿಮಗೆ ಹಾಡೂ ಬೇಕು. ಅಂಥ ಸಣ್ಣ ಜಾಗದಲ್ಲಿ ಸಂಗೀತ ಓದೋಕೆ, ವೇದಿಕೆ ಹತ್ತೋಕೆ ಅವಕಾಶ ಇರುತ್ತಾ?

ವೇದಿಕೆಯ ಚಿಂತೆ ಬಿಡಿ, ಸಾಕು ಸಾಕು ಅನ್ನುವಷ್ಟು ಸಿಗುತ್ತದೆ. ನಿಮ್ಮ ಹಾಡನ್ನು ತಿದ್ದುವವರು ಸಿಗುತ್ತಾರಾ ಅನ್ನೋದು ಬೇರೆ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಶಿವಮೊಗ್ಗದವಳು. ಒಹಾಯೋದಲ್ಲಿ ನೀವು ಹೇಳುವಂಥದ್ದೇ ಒಂದು ಕಾಲೇಜಿನಲ್ಲಿ ಗಣಿತ ಮತ್ತು ಸಂಗೀತ ಎರಡನ್ನೂ ಓದಿದೆ. ಅಲ್ಲಿ ಒಂದು ಆರ್ಕೆಸ್ಟ್ರಾ, ಎರಡು ಕಾಯರ್ (ಕೂಡಿ ಹಾಡುವ ತಂಡ), ಒಂದು ಜಾಝ್ ತಂಡ ಇತ್ತು. ಇಷ್ಟನ್ನೂ ತುಂಬಿಸೋಕೆ ಸಂಗೀತವನ್ನೇ ಓದುವ ಹುಡುಗರು ಎಲ್ಲಿ ಸಾಲುತ್ತಾರೆ ಹೇಳಿ? ಹಾಗಾಗಿ ಕೆಮಿಸ್ಟ್ರಿಯವನು ಟ್ರೊಂಬೋನ್ ಊದುತ್ತಾನೆ, ಇತಿಹಾಸದವಳು ಚೆಲ್ಲೋ ಹಿಡಿಯುತ್ತಾಳೆ. ಸ್ವಲ್ಪ ಹಾಡುತ್ತೀರಿ ಅಂತ ಗೊತ್ತಾದರೆ ಮೇಷ್ಟ್ರೇ ಹುಡುಕಿಕೊಂಡು ಬರುತ್ತಾರೆ. ಇದು ದುರ್ಬಲ ಕಾಲೇಜುಗಳ ಕಥೆ ಅಂದುಕೊಳ್ಳಬೇಡಿ. ಮಿನೆಸೋಟದ ಸೇಂಟ್ ಓಲಾಫ್ ಕಾಲೇಜಿನಲ್ಲಿ ಓದುವವರು ಸುಮಾರು ಮೂರು ಸಾವಿರ. 1912ರಲ್ಲಿ ಶುರುವಾದ ಅದರ ಕಾಯರ್ ದೇಶದಲ್ಲೇ ಹೆಸರು ಮಾಡಿದ್ದು. ಅಲ್ಲಿನ ಕ್ರಿಸ್‌ಮಸ್ ಉತ್ಸವದಲ್ಲಿ ನೂರಾರು ವಿದ್ಯಾರ್ಥಿಗಳು ಒಟ್ಟಿಗೆ ವೇದಿಕೆ ಮೇಲೆ ಇರುತ್ತಾರೆ.

ಡಿಗ್ರಿ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಇಂಥ ಕಾಲೇಜು ಕೊಡೋದು ಬಿ.ಎ. ನಾಲ್ಕು ವರ್ಷದಲ್ಲಿ ತೆಗೆದುಕೊಳ್ಳುವ ಕೋರ್ಸ್‌ಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಸಂಗೀತ, ಉಳಿದದ್ದು ಬೇರೆ. ಸಂಗೀತವನ್ನೇ ಮುಖ್ಯವಾಗಿ ಕಲಿಸುವ ಕನ್ಸರ್ವೇಟರಿಯಲ್ಲಿ ಕೊಡುವ ಬ್ಯಾಚುಲರ್ ಆಫ್ ಮ್ಯೂಸಿಕ್‌ನಲ್ಲಿ ಮೂರನೇ ಎರಡು ಭಾಗ ಸಂಗೀತವೇ. ಎರಡೂ ಬೇಕು ಅನ್ನುವವರಿಗೆ ಒಹಾಯೋದ ಓಬರ್ಲಿನ್, ವಿಸ್ಕಾನ್ಸಿನ್‌ನ ಲಾರೆನ್ಸ್ ಇವೆ. ಕಾಲೇಜು, ಕನ್ಸರ್ವೇಟರಿ ಒಂದೇ ಆವರಣದಲ್ಲಿ, ಐದು ವರ್ಷಕ್ಕೆ ಎರಡು ಡಿಗ್ರಿ. ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕನ್ಸರ್ವೇಟರಿಯಲ್ಲಂತೂ ಪದವಿಗೆ ಸೇರುವವರು ಎರಡನೇ ಡಿಗ್ರಿ ಮಾಡಲೇಬೇಕು. ಆದರೆ ಇವೆಲ್ಲ ಪಿಟೀಲು, ಪಿಯಾನೋ, ಆಪೆರಾ ಗಾಯನದಲ್ಲಿ ಆಡಿಷನ್ ಕೊಟ್ಟು ಗೆಲ್ಲುವವರಿಗೆ. ಸೀನಿಯರ್ ಆದ ಹಾಡುಗಾರರಿಗೆ ಬಿ.ಎ. ದಾರಿಯೇ ಸರಿ ಅಂತ ನನ್ನ ಅಭಿಪ್ರಾಯ. ಎಕನಾಮಿಕ್ಸ್ ಜೊತೆಗೆ ಸಂಗೀತವನ್ನು ಎರಡನೇ ಮೇಜರ್ (ಮುಖ್ಯ ವಿಷಯ) ಮಾಡಿಕೊಳ್ಳೋಕೂ ಅಡ್ಡಿ ಇಲ್ಲ. ಅಲ್ಲಿ ಇದು ಮಾಮೂಲು.

ಅಲ್ಲಿ ನಿಮಗೆ ನಿಜವಾಗಿ ಹೊಸದು ಅನ್ನಿಸೋದು ಕಾಯರ್. ಒಬ್ಬರೇ ಕೂತು ಹಾಡಿ ಬೆಳೆದವರು ನಾವು. ನಾಲ್ಕು ದನಿಯಲ್ಲಿ ಕೂಡಿ ಹಾಡೋದು ನಮ್ಮ ಗಂಟಲಿಗೂ ಗೊತ್ತಿಲ್ಲ, ಕಿವಿಗೂ ಗೊತ್ತಿಲ್ಲ. ಐದು ಮನೆ ಶ್ರುತಿಗೆ ಹಾಡುವ ಹುಡುಗಿಯರನ್ನು ಸಾಮಾನ್ಯವಾಗಿ ಆಲ್ಟೋ, ಅಂದರೆ ಹೆಂಗಸರ ಕೆಳದನಿಯ ಸಾಲಿನಲ್ಲಿ ನಿಲ್ಲಿಸುತ್ತಾರೆ, ನಮ್ಮ ದನಿಯ ವ್ಯಾಪ್ತಿ ಅದಕ್ಕೆ ಸರಿಯಾಗಿ ಹೊಂದುತ್ತದೆ. ರಾಗದ ಅಂದ ಪೂರ್ತಿ ಮೇಲುದನಿಯ ಸೊಪ್ರಾನೋ ಪಾಲು. ಆಲ್ಟೋದವರು ಶ್ರುತಿಪೆಟ್ಟಿಗೆ ಒತ್ತುವವರ ಹಾಗೆ ಒಂದೇ ಸ್ವರದ ಮೇಲೆ ನಾಲ್ಕು ಸಾಲು ಕಳೆಯಬೇಕು. ಬೇಜಾರು ಅನ್ನಿಸುತ್ತೆ. ಆಮೇಲೆ ಯಾವುದೋ ಒಂದು ಜಾಗದಲ್ಲಿ ನಿಮ್ಮ ಸ್ವರ ಅರ್ಧ ಮನೆ ಇಳಿಯುತ್ತದೆ, ಇಡೀ ಹಾಡಿನ ಬಣ್ಣವೇ ಬದಲಾಗುತ್ತದೆ. ಆವತ್ತಿಂದ ಬೇಜಾರು ಅನ್ನಲ್ಲ.

ಮೊದಲ ತೊಂದರೆ ಕಾಗದದ್ದು. ನಮಗೆ ಗುರುಗಳು ಹಾಡಿದರು, ನಾವು ಹೇಳಿದೆವು, ಪಾಠ ಆಯಿತು. ಅಲ್ಲಿ ಹಾಳೆ ಕೈಗೆ ಕೊಟ್ಟು ‘ಹಾಡಿ’ ಅನ್ನುತ್ತಾರೆ. ಪಕ್ಕದಲ್ಲಿ ಓದೋಕೆ ಬರುವ ಗಟ್ಟಿ ದನಿಯವರನ್ನು ನೋಡಿ ನಿಂತುಕೊಳ್ಳಿ. ಅವರು ಎರಡು ಸಲ ಹಾಡೋಷ್ಟರಲ್ಲಿ ನಿಮಗೆ ಬಾಯಿಪಾಠ ಆಗಿರುತ್ತದೆ. ಈ ಶಕ್ತಿ ಅವರಿಗೆ ಕಮ್ಮಿ, ನಮಗೆ ವರ್ಣ ಕಲಿತ ಕಾಲದಿಂದ ಬಂದದ್ದು.

ಎರಡನೇದು ಗಮಕ. ನೀವು ಬೇಕು ಅಂತ ಮಾಡದಿದ್ದರೂ ಒಂದು ಸ್ವರದಿಂದ ಇನ್ನೊಂದಕ್ಕೆ ದನಿ ಜಾರುತ್ತೆ. ‘ಆಲ್ಟೋದಲ್ಲಿ ಯಾರೋ ಜಾರುತ್ತಿದ್ದಾರೆ’ ಅಂತ ತಂಡ ನಡೆಸುವ ಕಂಡಕ್ಟರ್ ಕೋಲು ಎತ್ತಿ ನಿಲ್ಲಿಸುತ್ತಾರೆ. ಎಲ್ಲರೂ ತಿರುಗಿ ನೋಡೋದು ನಿಮ್ಮನ್ನೇ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸರಳೆ ವರಸೆ ಹಾಡುವಾಗ ಸ್ವರ ಹೇಗೆ ನೆಟ್ಟಗೆ ನಿಲ್ಲಿಸುತ್ತಿದ್ದಿರೋ ಹಾಗೆ ಹಾಡಿ, ಅಷ್ಟೇ.

ಇನ್ನೊಂದು ವಿಷಯದಲ್ಲಿ ನೀವೇ ಎಲ್ಲರಿಗಿಂತ ಮುಂದೆ ಇರುತ್ತೀರಿ. ತಂಬೂರಿ ಚೆನ್ನಾಗಿ ಶ್ರುತಿಯಾಗಿದ್ದರೆ ಮಂದ್ರ ಷಡ್ಜದ ತಂತಿಯಿಂದ ತಾನಾಗಿಯೇ ಅಂತರ ಗಾಂಧಾರ ಕೇಳಿಸುತ್ತದಲ್ಲಾ, ಸ್ವಯಂಭು ಗಾಂಧಾರ ಅನ್ನುತ್ತೇವೆ. ಪಿಯಾನೋದ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್‌ನಷ್ಟು ಮೇಲಿದೆ. ಕಪ್ಪು ಬಿಳಿ ಎಲ್ಲ ಸೇರಿಸಿ ಪಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರ, ಅಂದರೆ ಅರ್ಧ ಮನೆ, 100 ಸೆಂಟ್ ಅಂದರೆ ಲೆಕ್ಕ ಹಾಕಿಕೊಳ್ಳಿ. ಪಿಯಾನೋ ಇಲ್ಲದೆ ಹಾಡುವಾಗ ಕಾಯರ್‌ನವರು ಈ ಸ್ವರವನ್ನು ಸ್ವಲ್ಪ ಕೆಳಗೆ ಹಿಡಿಯಬೇಕು, ಆಗಲೇ ದನಿಗಳು ಬೆಸೆದು ಮೊಳಗೋದು. ಪಿಯಾನೋ ಕೇಳಿಕೊಂಡೇ ಬೆಳೆದವರಿಗೆ ಇದನ್ನು ವಾರಗಟ್ಟಲೆ ಹೇಳಿಕೊಡಬೇಕು. ನಿಮಗೆ ಹೇಳೋದೇ ಬೇಡ. ನನ್ನ ಸುತ್ತ ನಿಂತವರು ‘ಕೆಳಗೆ, ಇನ್ನೂ ಕೆಳಗೆ’ ಅಂತ ಬೈಸಿಕೊಳ್ಳುತ್ತಿದ್ದಾಗ ನಾನು ಸುಮ್ನೆ ನನ್ನ ಗಾಂಧಾರ ಹಾಡುತ್ತಾ ನಿಂತಿದ್ದೆ. ಜಾರುವಿಕೆಗೆ ಬೈಸಿಕೊಂಡದ್ದಕ್ಕೆಲ್ಲ ಅಲ್ಲಿಗೆ ಸಮ ಆಯಿತು.

ಥಿಯರಿ ತರಗತಿಗೆ ಹೆದರಬೇಡಿ. ಮೇಜರ್ ಸ್ಕೇಲ್ ನಮ್ಮ ಶಂಕರಾಭರಣದ ಸ್ವರಗಳೇ. ಹಾರ್ಮೋನಿಕ್ ಮೈನರ್ ಕೀರವಾಣಿ, ಡೋರಿಯನ್ ಖರಹರಪ್ರಿಯ, ಲಿಡಿಯನ್ ಕಲ್ಯಾಣಿ. ಮೇಳಕರ್ತ ಗೊತ್ತಿದ್ದರೆ ಈ ಪಾಠ ಒಂದು ಮಧ್ಯಾಹ್ನದ ಕೆಲಸ. ಒಂದರ ಮೇಲೊಂದು ಸ್ವರ ಪೇರಿಸುವ ಹಾರ್ಮನಿಗೆ ಮಾತ್ರ ಬೆವರು ಸುರಿಸಬೇಕು. ಸ್ವರ ಹೇಳಿಕೊಂಡು ಹಾಡುವ ತರಗತಿಯೂ ಇರುತ್ತದೆ, ಅಲ್ಲಿ ಒಂದು ತಮಾಷೆ ಇದೆ. ಕೆಲವು ಕಾಲೇಜುಗಳಲ್ಲಿ ‘ಡೋ’ ನಮ್ಮ ಷಡ್ಜದ ಹಾಗೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಅಲ್ಲಿ ನೀವು ರಾಜ. ಇನ್ನು ಕೆಲವು ಕಡೆ ಪಿಯಾನೋದ ಸಿ ಮನೆ ಮಾತ್ರ ಡೋ, ಹಾಡು ಯಾವ ಶ್ರುತಿಯಲ್ಲಿದ್ದರೂ ಸರಿ. ಆಗ ನಿಮಗೆ ಷಡ್ಜ ಅಂತ ಕೇಳಿಸುವ ಸ್ವರವನ್ನು ‘ಸೋಲ್’ ಅಂತ ಹಾಡಬೇಕಾಗಿ ಬರುತ್ತೆ. ತಲೆ ಕೆಡುತ್ತೆ. ಸೇರುವ ಮುಂಚೆ ಎರಡರಲ್ಲಿ ಯಾವುದು ಅಂತ ಮೇಲ್ ಹಾಕಿ ಕೇಳಿಕೊಳ್ಳಿ.

ಈಗ ತಿದ್ದುವವರ ವಿಷಯ. ಅಂಥ ಊರಿನಲ್ಲಿ ನೀವು ತೋಡಿ ಹಾಡಿದರೂ ಚಪ್ಪಾಳೆ, ತೋಡಿ ಹೋಗಿ ಇನ್ನೇನೋ ಆದರೂ ಅದೇ ಚಪ್ಪಾಳೆ. ಗಾಂಧಾರ ಎಷ್ಟು ಅಲುಗಬೇಕು ಅಂತ ಸಭೆಯಲ್ಲಿ ಯಾರಿಗೂ ಗೊತ್ತಿಲ್ಲ. ಪ್ರೊಫೆಸರ್‌ಗಳೂ ‘ಅದ್ಭುತ’ ಅನ್ನುತ್ತಾರೆ. ಅವರು ಒಳ್ಳೆಯವರು, ಆದರೆ ಆ ಹೊಗಳಿಕೆಯಿಂದ ಹಾಡು ಬೆಳೆಯಲ್ಲ. ಊರಿನ ಗುರುಗಳ ಪಾಠ ಯಾವ ಕಾರಣಕ್ಕೂ ಬಿಡಬೇಡಿ. ಒಹಾಯೋಗಿಂತ ನಾವು ಚಳಿಗಾಲದಲ್ಲಿ ಹತ್ತೂವರೆ ಗಂಟೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಮುಂದೆ. ಅಲ್ಲಿ ಶನಿವಾರ ರಾತ್ರಿ ಒಂಬತ್ತು ಅಂದರೆ ಇಲ್ಲಿ ಭಾನುವಾರ ಬೆಳಗ್ಗೆ. ನನ್ನ ಸ್ನೇಹಿತರು ಪಾರ್ಟಿಗೆ ಹೊರಡುವ ಹೊತ್ತಿಗೆ ನಾನು ಪ್ರಾಕ್ಟೀಸ್ ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತಿದ್ದೆ. ಆ ಕಡೆ ಗುರುಗಳ ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ಈ ಕಡೆ ಗೋಡೆಯ ಆಚೆ ಟ್ರೊಂಬೋನ್. ದನಿ ತಡವಾಗಿ ಬರುವುದರಿಂದ ಜೊತೆಯಲ್ಲಿ ಹಾಡೋಕೆ ಆಗಲ್ಲ. ಅವರು ಹೇಳಬೇಕು, ನಾವು ಕಾದು ತಿರುಗಿ ಹೇಳಬೇಕು. ಮೊದಲಿಂದ ಪಾಠ ನಡೆದದ್ದೂ ಹಾಗೇ ಅಲ್ವಾ?

ಕಾಲೇಜು ಒಹಾಯೋ ಕಡೆ ಇದ್ದರೆ ಕ್ಲೀವ್‌ಲ್ಯಾಂಡ್ ತ್ಯಾಗರಾಜ ಆರಾಧನೆಗೆ ಹೋಗಿ. 1978ರಿಂದ ಈಸ್ಟರ್ ಸುಮಾರಿಗೆ ನಡೆಯುತ್ತಾ ಬಂದಿದೆ. ಭಾರತದಿಂದ ದೊಡ್ಡ ವಿದ್ವಾಂಸರು ಬರುತ್ತಾರೆ, ಪಂಚರತ್ನ ಗೋಷ್ಠಿಗಾಯನದಲ್ಲಿ ನೀವೂ ಕೂರಬಹುದು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಕಲ್ಪನಾಸ್ವರ ಹಾಕೋದು ಕೇಳಿದರೆ ನಮ್ಮ ಮಟ್ಟ ಏನು ಅಂತ ತಕ್ಷಣ ಗೊತ್ತಾಗುತ್ತೆ. ಕಾಲೇಜಿನ ಚಪ್ಪಾಳೆಯ ನಶೆ ಇಳಿಸೋಕೆ ಒಳ್ಳೆಯ ಮದ್ದು.

ಇದಕ್ಕೆಲ್ಲ ಒಂದು ದೊಡ್ಡ ಅಪವಾದ ಇದೆ. ಕನೆಕ್ಟಿಕಟ್ ರಾಜ್ಯದ ಮಿಡಲ್‌ಟೌನ್ ಊರಿನ ವೆಸ್ಲಿಯನ್. ಹೆಸರಿನಲ್ಲಿ ಯೂನಿವರ್ಸಿಟಿ ಇದ್ದರೂ ಒಳಗೆ ಲಿಬರಲ್ ಆರ್ಟ್ಸ್ ಕಾಲೇಜೇ. 1960ರ ದಶಕದಿಂದ ಅಲ್ಲಿ ಕರ್ನಾಟಕ ಸಂಗೀತ ಹೇಳಿಕೊಟ್ಟಿದ್ದಾರೆ. ಭರತನಾಟ್ಯದ ಟಿ. ಬಾಲಸರಸ್ವತಿ ಅಲ್ಲಿ ಕಲಿಸಿದ್ದಾರೆ. ನಮ್ಮ ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ಗೆ ಅವರು ಮಾಡುತ್ತಿದ್ದ ಅಭಿನಯ ಲೋಕಪ್ರಸಿದ್ಧ. ಅವರ ತಮ್ಮಂದಿರಲ್ಲಿ ಟಿ. ರಂಗನಾಥನ್ ಅಲ್ಲಿ ಮೃದಂಗ ಹೇಳಿಕೊಟ್ಟರು, ಕೊಳಲಿನ ಟಿ. ವಿಶ್ವನಾಥನ್ 2002ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಪಾಠ ಮಾಡಿದರು. ಭಾಗವತರ್ ಅಂತ ನಮ್ಮವರೇ ಕರೆದ ಅಮೆರಿಕದ ಗಾಯಕ ಜಾನ್ ಹಿಗ್ಗಿನ್ಸ್ ಓದಿದ್ದು ಆ ಕಾಲೇಜಿನಲ್ಲಿ. 1970ರ ದಶಕದಿಂದ ವರ್ಷ ವರ್ಷ ನವರಾತ್ರಿ ಉತ್ಸವ ನಡೆದುಕೊಂಡು ಬಂದಿದೆ. ಜಾವಾದ ಗ್ಯಾಮೆಲಾನ್ ವಾದ್ಯಮೇಳ, ಪಶ್ಚಿಮ ಆಫ್ರಿಕಾದ ಡೋಲು ಎಲ್ಲವನ್ನೂ ಕಲಿಯಬಹುದು. ನಿಮ್ಮ ಪಟ್ಟಿಯಲ್ಲಿ ಅದೂ ಇದ್ದರೆ ನಾನಾಗಿದ್ದರೆ ಎರಡನೇ ಯೋಚನೆ ಮಾಡುತ್ತಿರಲಿಲ್ಲ.

ಕೊನೆಯ ವರ್ಷ ಸೀನಿಯರ್ ರಿಸೈಟಲ್ ಅಂತ ಇರುತ್ತದೆ. ಒಂದು ಗಂಟೆ, ಪೂರ್ತಿ ನಿಮ್ಮದೇ. ನಮ್ಮ ಕಾಲೇಜಿನಲ್ಲಿ ಮೃದಂಗ ಇರಲಿಲ್ಲ. ಜಿಂಬೆ ಅನ್ನುವ ಡೋಲು ಬಾರಿಸುವ ಒಬ್ಬ ಜೀವಶಾಸ್ತ್ರದ ಹುಡುಗನನ್ನು ಒಪ್ಪಿಸಿದೆ. ಖಂಡಚಾಪು ಅವನಿಗೆ ಲೀಲಾಜಾಲ, ಎರಡು ಮೂರು ಅಂತ ಎಣಿಸಿ ಮುಗಿಸಿದ. ಆದಿತಾಳ ಸುಲಭ ಅಂದುಕೊಂಡಿದ್ದೆ, ಅಲ್ಲೇ ಸಿಕ್ಕಿಬಿದ್ದೆವು. ಒಂದೂವರೆ ಎಣಿಕೆ ಬಿಟ್ಟು ಪಲ್ಲವಿ ಎತ್ತಿಕೊಂಡರೆ, ನಾನು ಶುರು ಮಾಡಿದ್ದೇ ‘ಒಂದು’ ಅಂತ ಅವನು ಹಿಡಿಯುತ್ತಿದ್ದ. ‘ನೀನು ಯಾಕೆ ಮಧ್ಯದಲ್ಲಿ ಶುರು ಮಾಡ್ತೀಯಾ?’ ಅಂತ ನನ್ನನ್ನೇ ಕೇಳಿದ! ತಾಳದ ಯಾವ ಜಾಗದಲ್ಲಿ ಹಾಡು ಎತ್ತಿಕೊಳ್ಳುತ್ತೆ ಅನ್ನುವ ಈ ಎಡುಪು ಅಂದರೇನು ಅಂತ ಅವನಿಗೆ ಬಿಡಿಸಿ ಹೇಳುವಾಗಲೇ ನನಗೂ ಅದು ಸರಿಯಾಗಿ ಅರ್ಥ ಆದದ್ದು. ಕೊನೆಗೆ ಅವನು ಬಾರಿಸೋದನ್ನು ನಿಲ್ಲಿಸಿ, ನನ್ನ ಎದುರು ಕೂತು ಕೈಯಲ್ಲಿ ತಾಳ ಹಾಕುತ್ತಾ ಕೇಳಿದ. ಆಮೇಲೆ ತಪ್ಪಲಿಲ್ಲ. ಕಾರ್ಯಕ್ರಮದ ದಿನ ಸಭೆಗೂ ಐದು ನಿಮಿಷ ತಾಳ ಹೇಳಿಕೊಟ್ಟೆ. ಮೆಸ್‌ನಲ್ಲಿ ನಮಗೆ ಸೂಪ್ ಬಡಿಸುವ ಅಜ್ಜಿ ಮುಂದಿನ ಸಾಲಿನಲ್ಲಿ ಕೂತು ಬೆರಳು ಎಣಿಸುತ್ತಿದ್ದರು, ಕೊನೆಯವರೆಗೂ ಬಿಡಲಿಲ್ಲ. ನಡುವೆ ‘ಭೇಷ್’ ಅನ್ನುವವರು ಇಲ್ಲ ಅನ್ನೋದೊಂದೇ ಕೊರತೆ. ಸಭೆಯವರು ಉಸಿರು ಬಿಗಿಹಿಡಿದು ಕೂರುತ್ತಾರೆ, ಅವರಿಗೆ ಇಷ್ಟವಾಯಿತೋ ಇಲ್ಲವೋ ನಮಗೆ ಗೊತ್ತಾಗಲ್ಲ.

ಮನೆಯವರು ಕೇಳುವ ಪ್ರಶ್ನೆಗೆ ಬರೋಣ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಓದು ಮುಗಿದ ಮೇಲೆ ಕೆಲಸಕ್ಕೆ ಸಿಗೋದು 12 ತಿಂಗಳು. ಡಿಗ್ರಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. ಸಂಗೀತ ಆ ಪಟ್ಟಿಯಲ್ಲಿಲ್ಲ. ಎಕನಾಮಿಕ್ಸ್ ಕೆಲವು ಕಾಲೇಜುಗಳಲ್ಲಿ ಇದೆ, ಕೆಲವದರಲ್ಲಿ ಇಲ್ಲ. ಈಗಲೇ ವಿಚಾರಿಸಿ. ಮತ್ತೆ, ಆ ವೀಸಾದಲ್ಲಿ ಅನುಮತಿ ಇಲ್ಲದೆ ಹೊರಗೆಲ್ಲೂ ದುಡ್ಡು ತೆಗೆದುಕೊಂಡು ಹಾಡುವ ಹಾಗಿಲ್ಲ. ಪರಿಚಯದವರ ಮನೆ ಮದುವೆ ಅಂತ ನೂರು ಡಾಲರ್ ಕೈಗಿಟ್ಟರೂ ತೆಗೆದುಕೊಳ್ಳಬೇಡಿ. ಕ್ಯಾಂಪಸ್ ಒಳಗೆ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆವರೆಗೆ ದುಡಿಯಬಹುದು. ಸಭಾಂಗಣದ ಬಾಗಿಲಲ್ಲಿ ಟಿಕೆಟ್ ನೋಡುವ ಕೆಲಸ ಸಿಕ್ಕಿದರೆ ಬಿಡಬೇಡಿ, ಬಂದ ಕಛೇರಿಯನ್ನೆಲ್ಲ ಪುಕ್ಕಟೆ ಕೇಳಬಹುದು.

ಹೊರಡೋಕೆ ಇನ್ನೂ ಸಮಯ ಇದೆ ಅಂದುಕೊಂಡಿದ್ದೇನೆ. ಅಷ್ಟರಲ್ಲಿ ಸ್ಟಾಫ್ ನೋಟೇಶನ್, ಅಂದರೆ ಐದು ಗೆರೆಗಳ ಮೇಲೆ ಬರೆದ ಸ್ವರ, ಓದೋಕೆ ಕಲಿಯಿರಿ. ಒಂದು ಕೀಬೋರ್ಡ್ ಎರವಲು ತಂದು ಬೆರಳಾಡಿಸಿ. ಎಲೆಕ್ಟ್ರಾನಿಕ್ ತಂಬೂರಿ ತೆಗೆದುಕೊಂಡು ಹೋಗುವುದಾದರೆ ಹಿಂದೆ ಬರೆದಿರುವ ವೋಲ್ಟ್ ನೋಡಿ. ಇಲ್ಲಿ 230, ಅಲ್ಲಿ 120. ಹೊಂದದಿದ್ದರೆ ಮೊಬೈಲ್ ಆ್ಯಪ್ ಸಾಕು. ಕಾಯರ್ ಆಡಿಷನ್ ಸಾಮಾನ್ಯವಾಗಿ ತರಗತಿ ಶುರುವಾಗುವ ವಾರವೇ ಇರುತ್ತದೆ, ಆಗ ನಿಮಗಿನ್ನೂ ನಡುರಾತ್ರಿ ಎಚ್ಚರ, ನಡುಹಗಲು ನಿದ್ದೆ. ಆದರೂ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಮೊದಲ ದಿನವೇ ಹೆಸರು ಬರೆಯಿರಿ. ಏನು ಹಾಡಲಿ ಅಂತ ಕೇಳಿದರೆ, ಅವರ ಹಾಡು ಬರದಿದ್ದರೂ ಚಿಂತೆಯಿಲ್ಲ, ಮೋಹನದಲ್ಲಿ ಒಂದು ದೇವರನಾಮ ಹಾಡಿ. ನಾನು ಹಾಡಿದ್ದೂ ಅದನ್ನೇ, ತೆಗೆದುಕೊಂಡರು.