ಕ್ಲೀಟ್‌ಗೂ ಹಲ್ಲು ಬೇಕು, ಲೇಖನಕ್ಕೂ ಬೇಕು

ನಮಸ್ಕಾರ. ಚಿಕ್ಕ ಹಾಯಿದೋಣಿಯಲ್ಲಿ ಸವೆದ ಜಿಬ್ ಶೀಟ್ ಕ್ಲೀಟ್ ಬದಲಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಮೊದಲೆರಡು ಪುಟ ಸೂರ್ಯಾಸ್ತಕ್ಕೇ ಹೋಗಿದೆ. ಕೆಲಸ ಬರುವುದು ಮೂರನೆಯದರಲ್ಲಿ. ಅದೂ ‘ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ’ ಎಂಬ ಒಂದೇ ಸಾಲಿಗೆ ಮುಗಿದಿದೆ. ಓದುಗರಿಗೆ ಬೇಕಾದ್ದೆಲ್ಲ ಆ ಸಾಲಿನೊಳಗೇ ಹೂತಿದೆ.

‘ಶೀಟ್’ ಎಂದರೆ ಹಗ್ಗ ಎಂದು ನೀವೆಲ್ಲೂ ಹೇಳಿಲ್ಲ. ಹೊಸಬರು ತಗಡು ಎಂದುಕೊಂಡಾರು. ಜಿಬ್ ಮುಂದಿನ ಹಾಯಿ, ಅದನ್ನು ಎಳೆದು ಹಿಡಿಯುವ ಹಗ್ಗ ಶೀಟ್, ಆ ಹಗ್ಗವನ್ನು ಕಚ್ಚುವುದು ಕ್ಲೀಟ್. ಇಷ್ಟು ಸಾಕು.

ಹಗ್ಗ ಜಾರಿತೆಂದರೆ ಕ್ಲೀಟ್ ಕೆಟ್ಟಿತೆಂದು ತೀರ್ಮಾನಿಸುವುದು ಆತುರ. ಹಗ್ಗವೇ ಸವೆದು ತೆಳ್ಳಗೆ, ನುಣುಪಾಗಿರಬಹುದು. ಅದೇ ದಪ್ಪದ ಹೊಸ ತುಂಡು ಹಾಕಿ ಜಗ್ಗಲು ಹೇಳಿ. ಆಗಲೂ ಜಾರಿದರೆ ಕ್ಯಾಮ್‌ನ (ಹಗ್ಗವನ್ನು ಎರಡು ಬದಿಯಿಂದ ಕಚ್ಚುವ ತಿರುಗು ದವಡೆಯ) ಹಲ್ಲು ದುಂಡಗಾಗಿದೆಯೇ, ಸ್ಪ್ರಿಂಗ್ ಸೋತಿದೆಯೇ ನೋಡಬೇಕು. ಕೊಳ್ಳುವ ಮುನ್ನ ಸ್ಕ್ರೂ ತೂತುಗಳ ನಡುವಿನ ಅಂತರವನ್ನು ಕೇಂದ್ರದಿಂದ ಕೇಂದ್ರಕ್ಕೆ ಅಳೆಯಬೇಕು. ಚಿಕ್ಕ ಕ್ಯಾಮ್ ಕ್ಲೀಟ್‌ಗಳಲ್ಲಿ 27 ಮಿ.ಮೀ., ಅದಕ್ಕಿಂತ ದೊಡ್ಡವುಗಳಲ್ಲಿ 38 ಮಿ.ಮೀ. ಸಾಮಾನ್ಯ. ನಿಮ್ಮ ಲೇಖನದಲ್ಲಿ ಒಂದೇ ಒಂದು ಅಳತೆಯೂ ಇಲ್ಲ.

ನಮ್ಮ ದೊಡ್ಡ ತಕರಾರು ತೂತಿನದು. ‘ಸಡಿಲ ತೂತಿಗೆ ಬೆಂಕಿಕಡ್ಡಿ ತುರುಕಿ ಅದೇ ಸ್ಕ್ರೂ ತಿರುಗಿಸಿ’ ಎಂದಿದ್ದೀರಿ. ಬಾಗಿಲ ಚಿಲಕಕ್ಕೆ ನಡೆದೀತು. ಇಲ್ಲಿ ಗಾಳಿ ಬೀಸಿದಾಗಲೆಲ್ಲ ಹಗ್ಗ ಕ್ಲೀಟನ್ನು ಜಗ್ಗುತ್ತದೆ, ಸ್ಕ್ರೂ ಕಿತ್ತು ಬರುತ್ತದೆ. ಅದಕ್ಕೂ ಮೊದಲೇ ನೀರು ಇಳಿದು, ಫೈಬರ್ ಪದರಗಳ ನಡುವೆ ಮರವಿದ್ದರೆ ಅದು ಕೊಳೆಯುತ್ತದೆ. ಸರಿಯಾದ ಕ್ರಮ ಬೇರೆ: ತೂತನ್ನು ದೊಡ್ಡದು ಮಾಡಿ, ಒದ್ದೆ ಮರ ಕೆರೆದು ತೆಗೆದು, ಪೂರ್ತಿ ಒಣಗಿಸಿ, ಕೆಳಗಿಂದ ಟೇಪ್ ಅಂಟಿಸಿ, ಮಂದ ಮಾಡಿದ ಎಪಾಕ್ಸಿ ಅಂಟು ತುಂಬಬೇಕು. ಅದು ಗಟ್ಟಿಯಾದ ಮೇಲೆ ಬೋಲ್ಟ್‌ನ ಅಳತೆಗೆ ಮತ್ತೆ ಕೊರೆಯಬೇಕು. ಡೆಕ್ಕಿನ ಕೆಳಗೆ ಕೈ ಹೋಗುವಲ್ಲೆಲ್ಲ ಸ್ಕ್ರೂ ಬಿಟ್ಟು ಆರಪಾರ ಹೋಗುವ ಸ್ಟೇನ್‌ಲೆಸ್ ಬೋಲ್ಟ್, ಅಗಲ ವಾಷರ್, ಒಳಗೆ ನೈಲಾನ್ ಉಂಗುರವಿರುವ ಹೊಸ ನೈಲಾಕ್ ನಟ್ ಹಾಕಬೇಕು. ಹಳೆಯದರಲ್ಲಿ ಆ ಉಂಗುರದ ಹಿಡಿತ ಸಡಿಲವಾಗಿರುತ್ತದೆ.

ತೂತಿನ ಮೇಲಂಚನ್ನು ಸ್ವಲ್ಪ ಇಳಿಜಾರಾಗಿ ಕೆರೆದರೆ ಸೀಲೆಂಟ್ (ನೀರು ತಡೆಯುವ ಅಂಟು) ಅಲ್ಲಿ ಉಂಗುರದಂತೆ ನಿಲ್ಲುತ್ತದೆ. ಬಿಗಿಯುವಾಗ ಮೇಲೆ ಒಬ್ಬರು ಬೋಲ್ಟ್ ಅಲುಗದಂತೆ ಹಿಡಿಯಬೇಕು, ಕೆಳಗೆ ಇನ್ನೊಬ್ಬರು ನಟ್ ತಿರುಗಿಸಬೇಕು. ಬೋಲ್ಟ್ ತಿರುಗಿದರೆ ಸೀಲೆಂಟ್ ಕಿತ್ತುಬರುತ್ತದೆ. ‘ಸಾಧ್ಯವಾದಷ್ಟು ಬಿಗಿಯಿರಿ’ ಎಂಬ ಮಾತನ್ನು ತೆಗೆಯಿರಿ: ಡೆಕ್ ತುಸು ಬಾಗಿದ್ದರೂ ಕ್ಲೀಟ್‌ನ ತಳ ಸೊಟ್ಟಗಾಗಿ ಕ್ಯಾಮ್ ಸಿಕ್ಕಿಕೊಳ್ಳುತ್ತದೆ. ಪವರ್ ಡ್ರಿಲ್‌ನಿಂದ ಬಿಗಿದರಂತೂ ಬೋಲ್ಟ್ ಮತ್ತು ನಟ್‌ನ ಸ್ಟೇನ್‌ಲೆಸ್ ಸುರುಳಿ ಗೆರೆಗಳು ಒಂದಕ್ಕೊಂದು ಕಚ್ಚಿಕೊಂಡು, ಆಮೇಲೆ ಕತ್ತರಿಸದೆ ಬಿಡಿಸಲಾಗದೆ ಹೋಗಬಹುದು. ಎರಡೂ ಕ್ಯಾಮ್ ಬೆರಳಿಂದ ತೆರೆದು ಬಿಟ್ಟಾಗ ತಾವೇ ಮರಳಬೇಕು.

ಹಗ್ಗ ಬರುವ ಕೋನವನ್ನು ನೀವು ಮುಟ್ಟಿಯೇ ಇಲ್ಲ. ಹಗ್ಗ ಮೇಲಿನಿಂದಲೋ ಕೆಳಗಿನಿಂದಲೋ ಬಂದರೆ ಹೊಸ ಕ್ಲೀಟೂ ಜಾರುತ್ತದೆ. ತಳಕ್ಕೆ ಬೆಣೆ ಕೊಟ್ಟು ಓರೆ ಸರಿಪಡಿಸಬೇಕು. ‘ಎಣ್ಣೆ ಬಿಡಿ’ ಎಂದದ್ದೂ ಬೇಡ, ಎಣ್ಣೆಗೆ ಮರಳು ಅಂಟುತ್ತದೆ. ಸಿಹಿನೀರಲ್ಲಿ ತೊಳೆದರೆ ಸಾಕು.

ಗಾಳಿಯ ಹೊಡೆತಕ್ಕೆ ಹಗ್ಗ ‘ಸುಯ್ಯೆಂದು’ ಕೈಜಾರುವ ವಾಕ್ಯ ಚೆನ್ನಾಗಿದೆ. ಲೇಖನ ಅಲ್ಲಿಂದಲೇ ಶುರುವಾಗಲಿ. ತಿದ್ದಿ ಕಳಿಸುವಾಗ ಡೆಕ್ಕಿನ ಕೆಳಗೆ ನಟ್ ಕೂರುವ ಜಾಗದ ಒಂದು ಚಿತ್ರ ಸೇರಿಸಿ. ಸೂರ್ಯಾಸ್ತದ ನಾಲ್ಕೂ ಬೇಡ.