ಕಾಲು ಮುರಿಯಲಿ ಅನ್ನೋ ಹಾರೈಕೆ

ನಮಸ್ಕಾರ,

ರಂಗಕ್ಕೆ ಹೋಗುವವರಿಗೆ ಇಂಗ್ಲಿಷಿನಲ್ಲಿ ಹಾರೈಸುವ ‘ಬ್ರೇಕ್ ಎ ಲೆಗ್’ (ಕಾಲು ಮುರಿಯಲಿ) ಎಂಬ ಮಾತಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಚೆನ್ನಾಗಿದೆ, ಬಿಟ್ಟುಬಿಡಬೇಡಿ.

ಮೂರು ಪುಟದಲ್ಲಿ ಎರಡೂವರೆ ಪುಟ ಅಮೆರಿಕದ ಅಧ್ಯಕ್ಷ ಲಿಂಕನ್ ಹತ್ಯೆಗೇ ಹೋಗಿದೆ. 1865ರಲ್ಲಿ ನಟ ಜಾನ್ ವಿಲ್ಕ್ಸ್ ಬೂತ್ ನಾಟಕಶಾಲೆಯಲ್ಲಿ ಗುಂಡು ಹಾರಿಸಿ ರಂಗದ ಮೇಲೆ ಧುಮುಕಿದ, ಕಾಲು ಮುರಿದುಕೊಂಡ, ಮಾತು ಅಲ್ಲಿಂದಲೇ ಬಂತು ಅಂತ ಬರೆದಿದ್ದೀರಿ. ಅವನ ಕಾಲು ಮುರಿದದ್ದೇನೋ ನಿಜ. ಆದರೆ ಈ ಹಾರೈಕೆ ಬರಹದಲ್ಲಿ ಕಾಣಿಸಿಕೊಳ್ಳುವುದು 1920ರ ದಶಕದಿಂದ ಈಚೆಗೆ. ನಡುವಿನ ಐವತ್ತು ವರ್ಷಕ್ಕೂ ಜಾಸ್ತಿ ಕಾಲ ಅದು ಎಲ್ಲಿತ್ತು? ಕೊಲೆಗಾರನಿಗೆ ಆದದ್ದು ತನಗೂ ಆಗಲಿ ಅಂತ ಯಾವ ನಟ ಬಯಸುತ್ತಾನೆ? ಜರ್ಮನ್ನರು ‘ಕತ್ತೂ ಕಾಲೂ ಮುರಿಯಲಿ’ ಎಂದು ಹಾರೈಸುವುದನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ನನಗೆ ಆ ಮೂಲವೇ ಹೆಚ್ಚು ನಂಬುವ ಹಾಗಿದೆ. ಅದನ್ನೂ ‘ಹೀಗೆ ಹೇಳುತ್ತಾರೆ’ ಎಂದೇ ಬರೆಯಿರಿ.

ನಿಜವಾದ ತೊಂದರೆ ಉದಾಹರಣೆಯಲ್ಲಿದೆ. ಆಪರೇಷನ್‌ಗೆ ಹೊರಟ ಗೆಳೆಯನಿಗೆ ಈ ಮಾತು ಹೇಳಿಸಿದ್ದೀರಿ. ಇದು ಕಾಯಿಲೆಯವರಿಗೆ ಹೇಳುವ ಮಾತಲ್ಲ, ಜನರ ಮುಂದೆ ನಿಂತು ಏನಾದರೂ ಮಾಡಿ ತೋರಿಸಬೇಕಾದವರಿಗೆ ಹೇಳುವುದು. ನಾಟಕ, ಹಾಡು, ಭಾಷಣ, ಈಗೀಗ ಇಂಟರ್‌ವ್ಯೂಗೂ ಸರಿ. ಅದೂ ಶುರುವಾಗುವ ಮೊದಲು, ಮುಗಿದ ಮೇಲಲ್ಲ. ಬ್ಯಾಲೆ ಕುಣಿಯುವವರು ಇದನ್ನು ಬಳಸುವುದು ಕಡಿಮೆ. ಅವರ ಪಾಲಿಗೆ ಕಾಲು ಮುರಿಯುವುದು ನಿಜವಾದ ಭಯ ಅಲ್ವಾ? ಅವರು ‘ಮೆರ್ದ್’ ಎಂಬ ಫ್ರೆಂಚ್ ಬೈಗುಳವನ್ನೇ ಹಾರೈಕೆ ಮಾಡಿಕೊಂಡಿದ್ದಾರೆ. ಇಂಥದ್ದು ನಿಮ್ಮ ಲೇಖನದಲ್ಲಿ ಇರಬೇಕಿತ್ತು.

ಲೇಖನವನ್ನು ವಿಂಗ್‌ನಿಂದ, ಅಂದರೆ ನಟರು ಕಾಯುವ ರಂಗದ ಪಕ್ಕದ ಮರೆಯಿಂದ, ಶುರು ಮಾಡಿ. ಪರದೆ ಏಳಲು ಎರಡು ನಿಮಿಷ ಇದೆ. ನಟಿ ಮೊದಲ ಮಾತನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಾಳೆ, ಅಂಗೈ ಬೆವರಿದೆ. ‘ಒಳ್ಳೇದಾಗಲಿ’ ಅಂದರೆ ಕೆಡುತ್ತದೆ ಅನ್ನೋ ನಂಬಿಕೆ. ಅದಕ್ಕೇ ಪಕ್ಕದವನು ಭುಜ ಮುಟ್ಟಿ ಉಲ್ಟಾ ಹೇಳಿ ಸರಿಯುತ್ತಾನೆ. ಓದುವವರಿಗೆ ಅರ್ಥ ಅಲ್ಲೇ ಗೊತ್ತಾಗುತ್ತದೆ.

ಕೊನೆಗೆ ತಲೆಬರಹ. ‘ಕಾಲು ಮುರ್ಕೋ’ ಅಂದರೆ ಕನ್ನಡದ ಕಿವಿಗೆ ಬರೀ ಶಾಪ. ಸುಮ್ನೆ ಹುರಿದುಂಬಿಸುವ ಕಡೆ ‘ಹೋಗು, ಧೂಳೆಬ್ಬಿಸು’ ಸಾಕು. ಆ ಉಲ್ಟಾ ನಂಬಿಕೆಯೇ ಮುಖ್ಯವಾದ ಕಡೆ ಇಂಗ್ಲಿಷ್ ಮಾತನ್ನು ಹಾಗೇ ಉಳಿಸಿ, ವಿವರಿಸಿ.

ಎರಡು ಪುಟಕ್ಕೆ ಇಳಿಸಿ ಕಳಿಸಿ. ಬಂದ ಕೂಡಲೇ ಓದುತ್ತೇನೆ.

ಸಂಪಾದಕ