ಕೌನ್ಸೆಲಿಂಗ್‌ಗೆ ದುಡ್ಡು ಕೊಡಲಾಗದವರು ಮನಸ್ಸಿನ ಭಾರ ಇಳಿಸಿಕೊಳ್ಳಲು ಉಚಿತ ದಾರಿಗಳಿವೆಯೇ?

ಇವೆ. ಮೊದಲು ಮೊಬೈಲಿನಲ್ಲಿ ಉಳಿಸಿಕೊಳ್ಳಬೇಕಾದ ನಂಬರ್ 14416, ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಈ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ‘ನನ್ನದೇನು ಅಂಥ ದೊಡ್ಡ ಕಷ್ಟವಲ್ಲ’ ಎಂದು ದಯವಿಟ್ಟು ಹಿಂಜರಿಯಬೇಡಿ. ಪರೀಕ್ಷೆಯ ಭಯ, ನಿದ್ದೆ ಬಾರದ ರಾತ್ರಿ, ಮನೆಯ ಜಗಳ, ಯಾವುದಕ್ಕೂ ಕರೆ ಮಾಡಬಹುದು.

ಎರಡನೆಯದು ಬರವಣಿಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆದರು. ತಮಗಾದ ನೋವನ್ನೂ ಅದು ಹುಟ್ಟಿಸಿದ ಭಾವನೆಗಳನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ನಂತರದ ಅಧ್ಯಯನಗಳಲ್ಲಿ ಕಂಡ ಪ್ರಯೋಜನ ಸಣ್ಣದೇ, ಆದರೂ ಖರ್ಚು ಒಂದು ನೋಟ್‌ಪುಸ್ತಕ ಮಾತ್ರ. ಕಾಗುಣಿತ ನೋಡಬೇಡಿ, ಯಾರಿಗೂ ತೋರಿಸಬೇಕಿಲ್ಲ, ಬೇಕಿದ್ದರೆ ಹರಿದುಹಾಕಿ. ಬರೆದಷ್ಟೂ ಸಂಕಟ ಹೆಚ್ಚುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ನನಗೆ ತುಂಬ ಇಷ್ಟವಾದದ್ದು ಜಿಂಬಾಬ್ವೆಯ ಮಾದರಿ. ಅಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೂರಿಸಿದರು. ಬಂದವರ ಕಷ್ಟ ಕೇಳಿ, ಒಂದೊಂದೇ ಸಮಸ್ಯೆಗೆ ದಾರಿ ಹುಡುಕಲು ಜೊತೆಯಾಗುವುದು ಅವರ ಕೆಲಸ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ನೆರವು ಪಡೆದವರ ಖಿನ್ನತೆ ಸ್ಪಷ್ಟವಾಗಿ ತಗ್ಗಿತ್ತು. ನಮ್ಮ ಅರಳಿಕಟ್ಟೆಗಳಲ್ಲೂ ಇದು ಆಗಲಿ ಎಂಬುದು ನನ್ನ ಆಸೆ.

ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ಬರವಣಿಗೆಯನ್ನು ನೆಚ್ಚಬೇಡಿ. ಈಗಲೇ 14416ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.